ಉಪ್ಪಿಟ್ಟಿನ ಜೋಕಿಗೆ ಊರೆಲ್ಲ ನಗು, ಆಲೂಗಡ್ಡೆ ಬರಹಕ್ಕೆ ಎರಡೇ ಫೋನು. ಯಾವುದನ್ನು ಬರೆಯಲಿ?

ಕೆಂಪುಮಣ್ಣು (ಹಾಸನ)
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಬರೆಯುವವರೂ ಇದ್ದೀರಿ, ಓದುವವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಾನು ನಾಲ್ಕು ವರ್ಷದಿಂದ ನಮ್ಮ ಜಿಲ್ಲೆಯ ಒಂದು ಪತ್ರಿಕೆಗೆ ಹದಿನೈದು ದಿನಕ್ಕೊಂದು ನಗೆಬರಹ ಕೊಡುತ್ತೇನೆ. ದುಡ್ಡು ಕಾಸು ಏನೂ ಇಲ್ಲ, ಬರೆಯುವ ಖುಷಿಗೆ ಬರೆಯುವುದು. ಹೋದ ತಿಂಗಳು ಎರಡು ಬಂದವು. ಮೊದಲನೆಯದು ಹೆಂಡತಿ ತವರಿಗೆ ಹೋದಾಗ ಗಂಡ ಉಪ್ಪಿಟ್ಟು ಮಾಡಲು ಹೋಗಿ ಒದ್ದಾಡುವ ಕಥೆ. ಅರ್ಧ ಗಂಟೆಯಲ್ಲಿ ಬರೆದೆ. ನಮ್ಮ ಮನೆಯಲ್ಲಿ ಹಾಗೇನೂ ನಡೆದಿಲ್ಲ. ಎಲ್ಲರೂ ಹೇಳುವ ಜೋಕುಗಳನ್ನೇ ಪೋಣಿಸಿದ್ದು. ಅದು ವಾಟ್ಸಾಪ್‌ನಲ್ಲಿ ಊರೂರು ಸುತ್ತಿತು. ನಾಲ್ಕನೇ ದಿನ ಶಿವಮೊಗ್ಗದ ನಮ್ಮ ಭಾವ "ಓದಪ್ಪ, ತುಂಬಾ ಚೆನ್ನಾಗಿದೆ" ಎಂದು ನನಗೇ ಕಳಿಸಿದರು. ಅದರಲ್ಲಿ ನನ್ನ ಹೆಸರೇ ಇರಲಿಲ್ಲ.

ಎರಡನೆಯದು ನಮ್ಮ ಅಪ್ಪನ ಮೇಲೆ ಬರೆದದ್ದು. ಅಪ್ಪ ಆಲೂಗಡ್ಡೆ ಬೆಳೆಯುತ್ತಿದ್ದರು. ಜಲಂಧರ್‌ನಿಂದ ಲಾರಿಯಲ್ಲಿ ಬಂದ ಬೀಜದ ಗೆಡ್ಡೆಯನ್ನು ಮನೆಗೆ ತಂದ ದಿನವೇ ಬಿತ್ತುವುದಕ್ಕೆ ಬಿಡುತ್ತಿರಲಿಲ್ಲ. "ಅವಕ್ಕೆ ಕನ್ನಡ ಬರಲ್ಲ ಕಣೋ. ನೆರಳಲ್ಲಿ ಹರಡು, ನಾಲ್ಕು ದಿನ ನಮ್ಮ ಗಾಳಿ ಕುಡೀಲಿ" ಎನ್ನುತ್ತಿದ್ದರು. ಒಂದು ವರ್ಷ ಅಂಗಮಾರಿ ಬಂತು. ಮೂರೇ ದಿನದಲ್ಲಿ ಹೊಲ ಕಪ್ಪಾಯಿತು. ಅಪ್ಪ ಸಂಜೆ ಬಂದು ಜಗಲಿ ಮೇಲೆ ಕೂತು, ತುಂಬಾ ಹೊತ್ತು ಸುಮ್ಮನಿದ್ದು, "ಊರಿಗೆ ವಾಪಸ್ ಹೋಗ್ತೀವಿ ಅಂತ ಹಠ ಹಿಡಿದವು, ಹೋದವು" ಎಂದರು. ಅಮ್ಮ ನಕ್ಕುಬಿಟ್ಟಳು. ಆಮೇಲೆ ಒಳಗೆ ಹೋದಳು. ಇಷ್ಟನ್ನು ಬರೆಯುವುದಕ್ಕೆ ನನಗೆ ಎರಡು ವಾರ ಹಿಡಿಯಿತು. ಬಂದದ್ದು ಎರಡು ಫೋನು.

ಮೊನ್ನೆ ಪತ್ರಿಕೆಯವರು "ಆ ಉಪ್ಪಿಟ್ಟಿನ ತರಹದ್ದೇ ಕೊಡಿ ಸಾರ್, ಜನ ಕೇಳ್ತಾರೆ" ಎಂದರು. ಅವರ ಮೇಲೆ ಕೋಪವಿಲ್ಲ. ಆದರೆ ಅವತ್ತಿನಿಂದ ಪೆನ್ನು ಹಿಡಿದರೆ ಕೈ ಓಡುತ್ತಿಲ್ಲ. ಜನಕ್ಕೆ ಬೇಕಾದ ನಗು ಒಂದು, ನನಗೆ ಬರೆಯಬೇಕೆನಿಸುವ ನಗು ಇನ್ನೊಂದು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಸಂತೇಪೇಟೆ ಹುಡುಗ
ಉಪ್ಪಿಟ್ಟು ನೀವು ಬರೆದದ್ದಾ ಅಣ್ಣಾ! ನಮ್ಮ ಅಂಗಡಿ ಗ್ರೂಪಿಗೆ ಮೂರು ಸಲ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ರತ್ನಗಿರಿ ಬೋರೆ (ಚಿಕ್ಕಮಗಳೂರು)
ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ಬೆಳಗ್ಗಿನಿಂದ ಸಂಜೆವರೆಗೆ ದುಡಿದು ಬಂದವನಿಗೆ ಎರಡು ನಿಮಿಷ ನಗು ಬೇಕು. ಆಲೂಗಡ್ಡೆ ಕೊಳೆತದ್ದನ್ನು ಅವನು ತನ್ನ ಹೊಲದಲ್ಲೇ ನೋಡಿರುತ್ತಾನೆ. ಅದನ್ನೇ ಪೇಪರಿನಲ್ಲೂ ಓದಬೇಕಾ? ನಗಿಸುವುದು ಪುಣ್ಯದ ಕೆಲಸ. ಸಾವಿರ ಜನ ನಕ್ಕರು ಎಂದರೆ ಸಾವಿರ ಮನೆಗೆ ಒಳ್ಳೆಯದು ಮಾಡಿದ್ದೀರಿ. ಬರೆಯಿರಿ.

ಕೇಶವನ ಬೀದಿ (ಬೇಲೂರು)
ಯಾರು ನಕ್ಕರು ಅನ್ನುವುದನ್ನೂ ಸ್ವಲ್ಪ ನೋಡಬೇಕಲ್ವಾ?

ಹೋದ ವರ್ಷ ರಾಜ್ಯೋತ್ಸವಕ್ಕೆ ಒಂದು ಕಡೆ ಹಾಸ್ಯ ಸಂಜೆ ಇಟ್ಟಿದ್ದರು. ನಾನು, ನಮ್ಮ ಅತ್ತೆ, ನನ್ನ ಮಗಳು ಹೋಗಿದ್ದೆವು. ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಹೆಂಡತಿ ದಪ್ಪ, ಹೆಂಡತಿ ಜಗಳಗಂಟಿ, ಹೆಂಡತಿ ಸೀರೆ, ಹೆಂಡತಿ ಲಟ್ಟಣಿಗೆ. ಗಂಡಸರ ಸಾಲು ಚಪ್ಪಾಳೆ ಹೊಡೆಯುತ್ತಿತ್ತು. ನಮ್ಮ ಸಾಲಿನ ಹೆಂಗಸರು ಮೊದಲು ಪಕ್ಕದವರ ಮುಖ ನೋಡುತ್ತಿದ್ದರು, ಆಮೇಲೆ ನಗುತ್ತಿದ್ದರು. ನಗದಿದ್ದರೆ "ಇವಳಿಗೆ ಹಾಸ್ಯಪ್ರಜ್ಞೆ ಇಲ್ಲ" ಎಂದು ಇನ್ನೊಂದು ಜೋಕು ಆಗುತ್ತಲ್ಲ, ಅದಕ್ಕೆ. ನಾನೂ ನಕ್ಕೆ. ಮನೆಗೆ ಬರುವಾಗ ಆಟೋದಲ್ಲಿ ಮಗಳು "ಅಮ್ಮಾ, ನೀನು ಯಾಕೆ ನಕ್ಕೆ?" ಎಂದು ಕೇಳಿದಳು. ಅವಳಿಗೆ ಹನ್ನೊಂದು ವರ್ಷ. ನನಗೆ ಉತ್ತರ ಗೊತ್ತಾಗಲಿಲ್ಲ.

ನಿಮ್ಮ ಆಲೂಗಡ್ಡೆ ಬರಹ ನಾನು ಓದಿಲ್ಲ. ಆದರೆ ನೀವು ಇಲ್ಲಿ ಹೇಳಿದ ನಾಲ್ಕು ಸಾಲಿಗೆ ನಕ್ಕೆ. ಪಕ್ಕಕ್ಕೆ ತಿರುಗಿ ಯಾರ ಮುಖವನ್ನೂ ನೋಡಲಿಲ್ಲ.

ರತ್ನಗಿರಿ ಬೋರೆ (ಚಿಕ್ಕಮಗಳೂರು)
ಅಕ್ಕಾ, ಅದು ತಮಾಷೆಗೆ ಹೇಳುವುದು. ಯಾರಿಗೂ ನೋಯಿಸಬೇಕೆಂದು ಅಲ್ಲ. ನಮ್ಮ ಮನೆಯಲ್ಲಿ ನನ್ನ ಹೆಂಡತಿಯೇ ಅಂಥ ಜೋಕು ಕಳಿಸುತ್ತಾಳೆ.

ಕೇಶವನ ಬೀದಿ (ಬೇಲೂರು)
ನೋಯಿಸಬೇಕೆಂದು ಅಂತ ನಾನೂ ಹೇಳಲಿಲ್ಲ ಅಣ್ಣಾ. ಅದನ್ನೇ ಎಷ್ಟು ಸಲ ಕೇಳುವುದು ಅಂದೆ.

ಅರಕಲಗೂಡು ಮೇಷ್ಟ್ರು
ಹಾಸನ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳುತ್ತಿದ್ದೀರಿ, ಇನ್ನೂ ಯಾರೂ ಗೊರೂರರ ಹೆಸರು ಎತ್ತಿಲ್ಲ! ಗೊರೂರು ರಾಮಸ್ವಾಮಿ ಅಯ್ಯಂಗಾರ್ ನಮ್ಮ ಪಕ್ಕದವರೇ. 1904ರಲ್ಲಿ ಹುಟ್ಟಿದವರು. 'ಹಳ್ಳಿಯ ಚಿತ್ರಗಳು' ಬಂದದ್ದು 1930ರಲ್ಲಿ. ಈಗಲೂ ತರಗತಿಯಲ್ಲಿ ಗೊರೂರರ ಒಂದು ಪ್ರಬಂಧ ಓದಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ನೋಡಿ ಹೇಳುತ್ತಿದ್ದೇನೆ.

ಅವರು ಯಾರನ್ನು ನೋಡಿ ಬರೆದರು? ತಮ್ಮ ಊರಿನವರನ್ನು. ಹೊಳೆ, ಸಂತೆ, ಎತ್ತು, ಬಸ್ಸು. ಆ ಜನರ ಜೊತೆ ಬಾಳಿದವರು, ಗಾಂಧೀಜಿ ದಾರಿಯಲ್ಲಿ ನಡೆದು ಹಳ್ಳಿಯ ಕೆಲಸ ಮಾಡಿದವರು. ಆದ್ದರಿಂದ ಅವರ ನಗುವಿನಲ್ಲಿ ಕೀಳು ಮಾಡುವುದು ಇಲ್ಲ. ಓದುವವನಿಗೆ ಆ ಮನುಷ್ಯ ನಮ್ಮ ಚಿಕ್ಕಪ್ಪನೇ ಅನಿಸುತ್ತದೆ. ನಿಮ್ಮ ಉಪ್ಪಿಟ್ಟಿನ ಗಂಡ ಯಾವ ಊರಿನವನು ಹೇಳಿ? ಹಾಸನವೂ ಆಗಬಹುದು, ಹುಬ್ಬಳ್ಳಿಯೂ ಆಗಬಹುದು. ಯಾವ ಊರಿನವನೂ ಅಲ್ಲದ್ದಕ್ಕೇ ಅವನು ಅಷ್ಟು ದೂರ ಹೋದ. ನಿಮ್ಮ ಹೆಸರು ಉದುರಿ ಹೋದದ್ದೂ ಅದಕ್ಕೇ. ಆಲೂಗಡ್ಡೆ ಬರಹದಿಂದ ನಿಮ್ಮ ಹೆಸರು ತೆಗೆದರೂ ನಿಮ್ಮ ಅಪ್ಪ ಅಲ್ಲೇ ಇರುತ್ತಾರೆ.

ಸಂತೇಪೇಟೆ ಹುಡುಗ
ಗೊರೂರರಿಗೆ ಜ್ಞಾನಪೀಠ ಬಂದಿತ್ತಲ್ವಾ ಮೇಷ್ಟ್ರೇ?

ಅರಕಲಗೂಡು ಮೇಷ್ಟ್ರು
ಇಲ್ಲಪ್ಪ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1980ರಲ್ಲಿ, 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ. ಅಮೆರಿಕಕ್ಕೆ ಹೋದರೂ ಹೆಸರಲ್ಲೇ ಊರನ್ನು ಕರೆದುಕೊಂಡು ಹೋದರು ನೋಡು.

ಶುಂಠಿ ಸಾಕಾಯ್ತು (ಆಲೂರು)
ಗೊರೂರು ಅಂದರೆ ನಮಗೆ ಡ್ಯಾಮು ನೆನಪಾಗುತ್ತದೆ. ಮಳೆಗಾಲದಲ್ಲಿ ಹಿನ್ನೀರು ಏರಿ ಶೆಟ್ಟಿಹಳ್ಳಿ ಚರ್ಚು ಅರ್ಧ ಮುಳುಗಿದ್ದಾಗ ನೋಡಬೇಕು.

ವಿಷಯಕ್ಕೆ ಬಂದರೆ, ಅಣ್ಣಾ, ನಿಮ್ಮಪ್ಪ ಹಾಕುತ್ತಿದ್ದದ್ದು ಜ್ಯೋತಿ ತಳಿಯಾ? ಈಗಲೂ ಆಲೂಗಡ್ಡೆ ಇಡುತ್ತೀರಾ? ನಮ್ಮ ಕಡೆ ಎಲ್ಲರೂ ಬಿಟ್ಟು ಜೋಳ, ಶುಂಠಿಗೆ ಹೋದರು. ನಾನೂ ಹೋದೆ. ಈಗ ವಾಪಸ್ ಬರೋಣ ಅಂತ ಯೋಚನೆ.

ಕೆಂಪುಮಣ್ಣು (ಹಾಸನ)
ಹೌದು, ಕುಫ್ರಿ ಜ್ಯೋತಿಯೇ. ಈಗ ಒಂದೇ ಎಕರೆ. ಮೇ ತಿಂಗಳಲ್ಲಿ ಹದ ಮಳೆ ಬಿದ್ದರೆ ಬಿತ್ತನೆ. ಗೆಡ್ಡೆ ಕಟ್ಟುವ ಹೊತ್ತಿಗೆ ಮೋಡ ಮುಚ್ಚಿಕೊಂಡು ಜಿಟಿಜಿಟಿ ಹಿಡಿದರೆ ಭಯ. ಬೇರೆ ಥ್ರೆಡ್ ಹಾಕಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಮೇಷ್ಟ್ರೇ, ನೀವು ಹೇಳಿದ ಆ ಕೊನೆಯ ಸಾಲನ್ನು ಎರಡು ಸಲ ಓದಿದೆ.

ಕಾಫಿ ಕಣ (ಮೂಡಿಗೆರೆ)
ನಮ್ಮ ಕಡೆಯವರ ಮಾತೂ ಸ್ವಲ್ಪ ಕೇಳಿ. ತೇಜಸ್ವಿಯವರು ನಮ್ಮ ಮೂಡಿಗೆರೆಯವರು. 2007ರಲ್ಲಿ ತೀರಿಕೊಂಡರು. ಇವತ್ತಿಗೂ ಕೊಟ್ಟಿಗೆಹಾರದ ಪ್ರತಿಷ್ಠಾನಕ್ಕೆ ಬರುವ ಹುಡುಗರು ದಾರಿಯಲ್ಲಿ ಸಿಕ್ಕವರನ್ನು "ಮಂದಣ್ಣನ ಮನೆ ಎಲ್ಲಿ?" ಎಂದು ಕೇಳುತ್ತಾರೆ. 'ಕರ್ವಾಲೋ' ಬಂದದ್ದು 1980ರಲ್ಲಿ. ಆ ಹುಡುಗರು ಆಗ ಹುಟ್ಟೇ ಇರಲಿಲ್ಲ.

ತೇಜಸ್ವಿ ನಗಿಸಬೇಕು ಅಂತ ಕೂತು ಬರೆದವರಲ್ಲ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ ಅದು. ವಿಜ್ಞಾನ ಇದೆ, ಅಚ್ಚರಿ ಇದೆ. ಆದರೆ ಆ ಮಂದಣ್ಣ, ಪ್ಯಾರ, ಎಂಗ್ಟ ಎಲ್ಲರೂ ಮಾತಾಡುವುದಕ್ಕೆ ಶುರು ಮಾಡಿದರೆ ನಾವು ನಗುತ್ತೇವೆ. ಯಾಕೆಂದರೆ ಅಂಥವರು ನಮ್ಮ ತೋಟದಲ್ಲೇ ಇದ್ದಾರೆ. ನಾನು ಹುಡುಗನಾಗಿದ್ದಾಗ ನಮ್ಮ ಕಾಫಿ ಕಣದಲ್ಲಿ ರಾತ್ರಿ ಕಾವಲಿಗೆ ಮಲಗುವ ಒಬ್ಬರು ಇದ್ದರು. ಓದು ಬರಹ ಇಲ್ಲ. ಲಾಟೀನು ಬೆಳಕಲ್ಲಿ 'ಪರಿಸರದ ಕಥೆ' ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. 'ಕಿವಿ' ಎಂಬ ನಾಯಿಯ ಪ್ರಸಂಗ ಬಂದಾಗ ಎದ್ದು ಕೂತು, "ಇದು ಸುಳ್ಳಲ್ಲ, ನಾಯಿ ಹಂಗೇ ಮಾಡ್ತದೆ" ಎನ್ನುತ್ತಿದ್ದರು. ಅವರು ನಗುವುದಕ್ಕಿಂತ ಮೊದಲು "ಹೌದು" ಎನ್ನುತ್ತಿದ್ದರು. ನನ್ನ ಲೆಕ್ಕದಲ್ಲಿ ಒಳ್ಳೆಯ ಹಾಸ್ಯ ಹಾಗೆ ಇರಬೇಕು. ಉಪ್ಪಿಟ್ಟು ಓದಿ ನಾನೂ ನಕ್ಕೆ, ಆದರೆ "ಹೌದು" ಅನ್ನಲಿಲ್ಲ.

ರತ್ನಗಿರಿ ಬೋರೆ (ಚಿಕ್ಕಮಗಳೂರು)
ಗೊರೂರು, ತೇಜಸ್ವಿ ಎಂದು ದೊಡ್ಡವರ ಹೆಸರು ಹೇಳಿದರೆ ಪಾಪ ಇವರು ಏನು ಮಾಡಬೇಕು? ಎಲ್ಲರೂ ತೇಜಸ್ವಿ ಆಗುವುದಕ್ಕೆ ಆಗುತ್ತಾ? ಜನಪ್ರಿಯ ಆದದ್ದೆಲ್ಲ ಕೆಟ್ಟದ್ದು ಎನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ಹಿಂದೆ ಹಾಸ್ಯಕ್ಕೇ ಅಂತ 'ಕೊರವಂಜಿ' ಪತ್ರಿಕೆ ಇತ್ತು. ಬೀಚಿ ನಡೆಸುತ್ತಿದ್ದರು. ಜನ ಕಾದು ಕೂತು ಓದುತ್ತಿದ್ದರು ಎಂದು ನಮ್ಮ ತಾತ ಹೇಳುತ್ತಿದ್ದರು.

ಅರಕಲಗೂಡು ಮೇಷ್ಟ್ರು
ಕೊರವಂಜಿ ಬೀಚಿಯವರದ್ದಲ್ಲ. ಅದನ್ನು ಶುರು ಮಾಡಿದವರು ಡಾ. ಎಂ. ಶಿವರಾಂ, 'ರಾಶಿ' ಎಂದೇ ಹೆಸರು. ವೃತ್ತಿಯಲ್ಲಿ ಡಾಕ್ಟರು. 1942ರಿಂದ 1967ರವರೆಗೆ ನಡೆಯಿತು. ಆರ್.ಕೆ. ಲಕ್ಷ್ಮಣ್ ಕೂಡ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದಿದ್ದಾರೆ. ಬೀಚಿ ಬೇರೆ ಲೇಖಕರು, 'ತಿಂಮ' ಎಂಬ ಪಾತ್ರದಿಂದ ನಗಿಸಿದವರು.

ಆದರೆ ನಿಮ್ಮ ಮಾತಿನಲ್ಲಿ ಒಂದು ಒಪ್ಪುತ್ತೇನೆ. ಕೊರವಂಜಿಯೂ ಜನಪ್ರಿಯ, ಬೀಚಿಯೂ ಜನಪ್ರಿಯ. ಜನಪ್ರಿಯ ಆಗುವುದು ತಪ್ಪಲ್ಲ. ಎಲ್ಲರೂ ಹೇಳಿದ್ದನ್ನೇ ಮತ್ತೆ ಹೇಳಿ ಜನಪ್ರಿಯ ಆಗುವುದು ಸುಲಭ ಅಷ್ಟೆ.

ರತ್ನಗಿರಿ ಬೋರೆ (ಚಿಕ್ಕಮಗಳೂರು)
ತಿದ್ದಿದ್ದಕ್ಕೆ ಧನ್ಯವಾದ. ತಾತ ಓದುತ್ತಿದ್ದದ್ದು ಎರಡನ್ನೂ ಇರಬೇಕು, ನಾನು ಸೇರಿಸಿಬಿಟ್ಟೆ.

ಎರಡನೇ ಕ್ರಾಸ್ (ಹಾಸನ)
ಹೆಸರು ಉದುರುವ ಮಾತು ಬಂತಲ್ಲ. 'ಭೂತಯ್ಯನ ಮಗ ಅಯ್ಯು' ಸಿನಿಮಾ ಯಾರು ನೋಡಿಲ್ಲ? ಉಪ್ಪಿನಕಾಯಿ ದೃಶ್ಯ ಯಾರಿಗೆ ಗೊತ್ತಿಲ್ಲ? ಲೋಕನಾಥ್ ಅವರನ್ನು ಜನ ಕೊನೆಯವರೆಗೂ ಅದರಿಂದಲೇ ಗುರುತು ಹಿಡಿದರು. ಆ ಸಿನಿಮಾದ ಕಥೆ ಗೊರೂರರದ್ದು ಎಂದು ಹತ್ತು ಜನರನ್ನು ಕೇಳಿ ನೋಡಿ, ಎಷ್ಟು ಜನ ಹೇಳುತ್ತಾರೆ. ನಾನು ಹಾಸನದಲ್ಲೇ ಹುಟ್ಟಿದವಳು, ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ.

ಸಂತೇಪೇಟೆ ಹುಡುಗ
ಏನು! ಅದು ಗೊರೂರರದ್ದಾ?

ಎರಡನೇ ಕ್ರಾಸ್ (ಹಾಸನ)
ಹೌದಪ್ಪ. 1974ರ ಸಿನಿಮಾ, ಸಿದ್ದಲಿಂಗಯ್ಯನವರ ನಿರ್ದೇಶನ.

ಶುಂಠಿ ಸಾಕಾಯ್ತು (ಆಲೂರು)
ಆ ಸಿನಿಮಾ ಹಾಕಿದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಏಳುವುದಿಲ್ಲ. ನಮ್ಮ ದೊಡ್ಡಪ್ಪ ಉಪ್ಪಿನಕಾಯಿ ದೃಶ್ಯ ಮುಗಿಯುವವರೆಗೆ ಊಟಕ್ಕೂ ಬರುವುದಿಲ್ಲ.

ಚೌಕಿಮನೆ (ಕೊಪ್ಪ)
ತಡವಾಗಿ ಬಂದೆ. ನಮ್ಮಪ್ಪ ಇಪ್ಪತ್ತೆರಡು ವರ್ಷ ಮೇಳದಲ್ಲಿ ಹಾಸ್ಯ ಮಾಡಿದವರು. ಅದರಿಂದ ಈ ಪ್ರಶ್ನೆ ನಮ್ಮ ಮನೆಯದ್ದೇ ಪ್ರಶ್ನೆ.

ಯಕ್ಷಗಾನದಲ್ಲಿ ರಾತ್ರಿ ಎರಡು ಗಂಟೆ ಹೊತ್ತಿಗೆ ಜನ ತೂಕಡಿಸುತ್ತಾರೆ. ಆಗ ಹಾಸ್ಯಗಾರ ಬರಬೇಕು. ಎಬ್ಬಿಸಬೇಕು, ನಗಿಸಬೇಕು, ಪ್ರಸಂಗವನ್ನು ಮುಂದಕ್ಕೆ ತಳ್ಳಿ ಒಳಗೆ ಹೋಗಬೇಕು. ಅಪ್ಪನ ಲೆಕ್ಕ ಹಾಗಿತ್ತು. "ಜನ ಶಿಳ್ಳೆ ಹೊಡೆದರು ಅಂತ ಇನ್ನೊಂದು ಮಾತು ಸೇರಿಸಿದರೆ ಭಾಗವತರ ಪದ ನಿಲ್ಲುತ್ತದೆ, ಕಥೆ ಸಾಯುತ್ತದೆ" ಎನ್ನುತ್ತಿದ್ದರು. ಈಗ ಕೆಲವು ಕಡೆ ನೋಡುತ್ತೇನೆ, ಮುಕ್ಕಾಲು ಗಂಟೆ ಹಾಸ್ಯವೇ. ಸಿನಿಮಾ ಡೈಲಾಗು, ರಾಜಕೀಯ, ಮೊಬೈಲು. ಚಪ್ಪಾಳೆ ಜಾಸ್ತಿ ಬೀಳುತ್ತದೆ, ನಿಜ. ಮೇಳದವರೂ ಅದನ್ನೇ ಕೇಳುತ್ತಾರೆ. ನಿಮ್ಮ ಪತ್ರಿಕೆಯವರು ಕೇಳಿದ ಹಾಗೇ.

ಅಪ್ಪನಿಗೆ ಇಷ್ಟದ ವೇಷ ನಳದಮಯಂತಿಯ ಬಾಹುಕ. ನೋಡಿದವರಿಗೆ ಗೊತ್ತಿರುತ್ತದೆ. ಗೂನು ಬೆನ್ನು, ವಿಕಾರ ರೂಪ, ಬೇರೆ ರಾಜನ ಹತ್ತಿರ ಕುದುರೆ ಓಡಿಸುವ ಕೆಲಸ. ಜನ ಅವನ ನಡಿಗೆ ನೋಡಿಯೇ ನಗುತ್ತಾರೆ. ಆದರೆ ಅವನು ನಳ ಮಹಾರಾಜ. ರಾಜ್ಯ ಕಳೆದುಕೊಂಡು, ಹೆಂಡತಿಯನ್ನು ಕಾಡಿನಲ್ಲಿ ಮಲಗಿದ್ದಲ್ಲೇ ಬಿಟ್ಟು ಬಂದವನು. ಅದನ್ನು ಹಾಸ್ಯಗಾರನಿಗೇ ಕೊಡುತ್ತಾರೆ, ಯಾಕೆ ಅಂತ ಯೋಚನೆ ಮಾಡಿ. ದಮಯಂತಿಗೆ ಮತ್ತೆ ಸ್ವಯಂವರ ಎಂಬ ಸುದ್ದಿ ಕೇಳಿ ಅಪ್ಪ ಒಂದು ಕ್ಷಣ ನಿಲ್ಲುತ್ತಿದ್ದರು. ಬೇರೇನೂ ಮಾಡುತ್ತಿರಲಿಲ್ಲ, ಬರೀ ನಿಲ್ಲುವುದು. ನಗುತ್ತಿದ್ದ ಜನ ಹಾಗೇ ಬಾಯಿ ಮುಚ್ಚುತ್ತಿದ್ದರು. ನಾನು ವೇಷ ಕಟ್ಟುವ ಚೌಕಿ ಕಡೆಯಿಂದ ಇಣುಕಿ ಜನರ ಮುಖ ನೋಡುತ್ತಿದ್ದೆ.

ನಿಮ್ಮಪ್ಪ ಜಗಲಿ ಮೇಲೆ ಕೂತು ಆ ಮಾತು ಹೇಳಿದರಲ್ಲ, ಅಮ್ಮ ನಕ್ಕು ಒಳಗೆ ಹೋದರಲ್ಲ, ಅದನ್ನು ಓದಿ ನನಗೆ ನಮ್ಮಪ್ಪನ ಬಾಹುಕ ನೆನಪಾಯಿತು. ದಯವಿಟ್ಟು ಅದನ್ನು ಬಿಡಬೇಡಿ.

ಕೇಶವನ ಬೀದಿ (ಬೇಲೂರು)
ಚೌಕಿಮನೆ ಅಣ್ಣಾ, ಓದಿ ಕಣ್ಣು ತುಂಬಿತು. ನಿಮ್ಮ ತಂದೆ ಈಗ ಹೇಗಿದ್ದಾರೆ?

ಚೌಕಿಮನೆ (ಕೊಪ್ಪ)
ಇದ್ದಾರೆ ಅಕ್ಕಾ. ಮಂಡಿ ನೋವು. ಸಂಜೆ ಟೀವಿ ಎದುರು ಕೂತು ತಾಳಮದ್ದಳೆ ಕೇಳುತ್ತಾರೆ.

ಮಾತುಗಾರ ಅಲ್ಲ (ಕಡೂರು)
ಇನ್ನೊಂದು ಮಾತು. ನನ್ನ ತಮ್ಮನಿಗೆ ಮಾತು ತೊದಲುತ್ತದೆ. ಮದುವೆ ಮನೆಯಲ್ಲಿ ಮೈಕು ಹಿಡಿದವರು ತೊದಲುವವನ ಜೋಕು ಶುರು ಮಾಡಿದರೆ ಅವನು ಎದ್ದು ಕೈ ತೊಳೆಯಲು ಹೋಗುತ್ತಾನೆ. ಊಟ ಅರ್ಧ ಆಗಿದ್ದರೂ. ಆ ಜೋಕಿಗೆ ಯಾವತ್ತೂ ಚಪ್ಪಾಳೆ ತಪ್ಪಿದ್ದಿಲ್ಲ. ಅಷ್ಟು ಹೇಳಬೇಕೆನಿಸಿತು.

ರತ್ನಗಿರಿ ಬೋರೆ (ಚಿಕ್ಕಮಗಳೂರು)
ಇದನ್ನು ಓದಿ ಬೇಜಾರಾಯಿತು. ಆ ಜೋಕು ನಾನೂ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಆದರೂ ಕೆಂಪುಮಣ್ಣು ಅವರೇ, ನನ್ನ ಮೊದಲಿನ ಮಾತು ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ. ನಮ್ಮ ತಾಯಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಾಗ ನಾನು ಓದುತ್ತಿದ್ದದ್ದು ಇಂಥ ಹಗುರ ಜೋಕುಗಳನ್ನೇ. ಕಾರಿಡಾರಿನ ಬೆಂಚಿನ ಮೇಲೆ ರಾತ್ರಿ ಕೂತಾಗ ಗಂಭೀರದ್ದು ಒಂದು ಸಾಲೂ ಓದಲು ಆಗುತ್ತಿರಲಿಲ್ಲ. ಯಾರೋ ಹೆಸರಿಲ್ಲದವನು ಬರೆದ ನಾಲ್ಕು ಸಾಲಿಗೆ ನಕ್ಕು ಬೆಳಗು ಮಾಡಿದ್ದೇನೆ. ಅವನಿಗೆ ಅದು ಗೊತ್ತೇ ಇಲ್ಲ. ನಿಮ್ಮ ಉಪ್ಪಿಟ್ಟೂ ಯಾರಿಗೋ ಹಾಗೆ ಸಿಕ್ಕಿರಬಹುದು.

ಕಾಫಿ ಕಣ (ಮೂಡಿಗೆರೆ)
ಈ ಮಾತು ಒಪ್ಪಿದೆ. ನಾನು ಉಪ್ಪಿಟ್ಟಿನ ಬಗ್ಗೆ ಸ್ವಲ್ಪ ಜೋರಾಗಿ ಹೇಳಿದೆ.

ಎರಡನೇ ಕ್ರಾಸ್ (ಹಾಸನ)
ದೂರ ಹೋಗುವುದು, ಹೋಗದಿರುವುದು ಎನ್ನುವ ಲೆಕ್ಕಕ್ಕೆ ಇನ್ನೊಂದು ಸೇರಿಸಿ. ಬಾನು ಮುಷ್ತಾಕ್ ಇದೇ ಹಾಸನದವರು, ವಕೀಲರು. ಇಲ್ಲಿನ ಮುಸ್ಲಿಂ ಹೆಣ್ಣುಮಕ್ಕಳ ಕಥೆಗಳನ್ನು ಇಲ್ಲಿನ ಮಾತಿನಲ್ಲೇ ವರ್ಷಾನುಗಟ್ಟಲೆ ಬರೆದರು. ನೋವಿನ ನಡುವೆ ಥಟ್ಟನೆ ಒಂದು ಮಾತು ಬಂದು ನಗಿಸುತ್ತದೆ, ಓದಿದವರಿಗೆ ಗೊತ್ತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ್ದು. ಒಂದು ಊರಿನ ಕಥೆ ಆ ಊರಲ್ಲೇ ಉಳಿಯುತ್ತದೆ ಎನ್ನುವ ಹಾಗಿಲ್ಲ. ನಾಲ್ಕು ದಿನದಲ್ಲಿ ಹೋಗಲಿಲ್ಲ, ಮೂವತ್ತು ವರ್ಷ ಹಿಡಿಯಿತು.

ಸಂತೇಪೇಟೆ ಹುಡುಗ
ಅಣ್ಣಾ, ಆ ಎರಡು ಫೋನು ಯಾರದ್ದು ಅಂತ ಹೇಳಲೇ ಇಲ್ಲ.

ಕೆಂಪುಮಣ್ಣು (ಹಾಸನ)
ಒಂದು ನನ್ನ ಸ್ನೇಹಿತನದ್ದು, ಅವನು ಏನು ಬರೆದರೂ ಮಾಡುತ್ತಾನೆ. ಇನ್ನೊಂದು ಚನ್ನರಾಯಪಟ್ಟಣ ಕಡೆಯ ಒಬ್ಬ ಹೆಣ್ಣುಮಗಳದ್ದು. ಪತ್ರಿಕೆಯವರ ಹತ್ತಿರ ನಂಬರ್ ಕೇಳಿ ಮಾಡಿದ್ದರು. ಅವರ ಮಾವನಿಗೆ ಕಣ್ಣು ಕಾಣುವುದಿಲ್ಲ, ದಿನಾ ಪೇಪರು ಓದಿ ಹೇಳುತ್ತಾರಂತೆ. ಆಲೂಗಡ್ಡೆಗೆ ಕನ್ನಡ ಬರಲ್ಲ ಅಂದಾಗ ಮಾವ ಜೋರಾಗಿ ನಕ್ಕರಂತೆ. ಪೂರ್ತಿ ಓದಿ ಮುಗಿಸಿದ ಮೇಲೆ "ಇನ್ನೊಂದು ಸಲ ಓದವ್ವ" ಅಂದರಂತೆ. ಎರಡನೇ ಸಲ ನಗಲಿಲ್ಲವಂತೆ. ಕೋಲು ಹಿಡಿದು ಹಿತ್ತಲಿಗೆ ಹೋಗಿ ನಿಂತಿದ್ದರಂತೆ. "ಅವರೂ ಆಲೂಗಡ್ಡೆ ಬೆಳೀತಿದ್ದರು ಸಾರ್" ಎಂದರು ಆಕೆ.

ಇದನ್ನು ಮೊದಲ ಪೋಸ್ಟಿನಲ್ಲೇ ಬರೆಯಬೇಕಿತ್ತು. ಎರಡೇ ಫೋನು ಎಂದು ಲೆಕ್ಕ ಹಾಕುತ್ತಾ ಕೂತವನು ಇದನ್ನು ಬಿಟ್ಟುಬಿಟ್ಟೆ.

ಎಲ್ಲರ ಮಾತೂ ಓದಿದೆ. ಮೈಕು ಹಿಡಿದವರ ಜೋಕಿನ ಮಾತು ಮನಸ್ಸಿಗೆ ತುಂಬಾ ನಾಟಿತು. ರತ್ನಗಿರಿಯವರು ಹೇಳಿದ ಆಸ್ಪತ್ರೆಯ ಬೆಂಚನ್ನೂ ಮರೆಯುವುದಿಲ್ಲ. ಪತ್ರಿಕೆಗೆ ನಗೆಬರಹವನ್ನೇ ಕೊಡುತ್ತೇನೆ. ಆದರೆ ಯಾರನ್ನು ಕುರಿತು ಬರೆಯುತ್ತೇನೋ ಅವರ ಎದುರು ಕೂತು ಓದಿ ಹೇಳುವಂತಿರಬೇಕು, ಅಷ್ಟನ್ನು ಇಟ್ಟುಕೊಳ್ಳುತ್ತೇನೆ. ಬೇಡ ಅಂದರೆ ಬೇರೆ ಕಡೆ ಕಳಿಸುತ್ತೇನೆ. ಭಾನುವಾರ ಊರಿಗೆ ಹೋಗಿ ಆಲೂಗಡ್ಡೆ ಬರಹವನ್ನು ಅಪ್ಪನಿಗೆ ಓದಿ ಹೇಳುತ್ತೇನೆ. ಇನ್ನೂ ಹೇಳಿಲ್ಲ.

ಕೇಶವನ ಬೀದಿ (ಬೇಲೂರು)
ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವತ್ತು ಒಳಗೆ ಹೋದವರು ಅವರು.

ಸಂತೇಪೇಟೆ ಹುಡುಗ
ನಮ್ಮ ಅಂಗಡಿ ಗ್ರೂಪಿಗೆ ಆಲೂಗಡ್ಡೆ ಬರಹ ಹಾಕಿ ಅಣ್ಣಾ. ಕೆಳಗೆ ನಿಮ್ಮ ಹೆಸರು ಹಾಕಿಯೇ ಕಳಿಸುತ್ತೇನೆ.

ಶುಂಠಿ ಸಾಕಾಯ್ತು (ಆಲೂರು)
ಭಾನುವಾರ ಅಪ್ಪನ ಹತ್ತಿರ ಕೂತಾಗ ಒಂದು ಕೇಳಿಕೊಂಡು ಬನ್ನಿ. ಬೀಜದ ಗೆಡ್ಡೆ ಕತ್ತರಿಸಿದ ಮೇಲೆ ಅವರು ಎಷ್ಟು ದಿನ ನೆರಳಲ್ಲಿ ಇಡುತ್ತಿದ್ದರು ಅಂತ. ನಾನು ಈ ಸಲ ಅರ್ಧ ಎಕರೆ ಇಡುತ್ತೇನೆ.